ಟವಲ್ಲಿನ ಕೆಳಗಿನ ಮಾತು

ನನಗೆ ದನದ ವ್ಯಾಪಾರ ಕಲಿಸಿದವರು ನನ್ನ ಅಕ್ಕನ ಗಂಡ. ಹತ್ತನೇ ಕ್ಲಾಸು ಫೇಲಾಗಿ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರಿಕೊಂಡಿದ್ದವನನ್ನು ಬಾವ ಕರೆದುಕೊಂಡು ಹೋಗಿ, ಒಂದು ಎತ್ತಿನ ತುಟಿ ಎತ್ತಿ, ವಯಸ್ಸು ಹೇಳುವ ಹಲ್ಲು ತೋರಿಸಿದರು. "ಕೊಂಬಿಗೆ ಬಣ್ಣ ಬಳೀಬೌದು, ಮೈಗೆ ಎಣ್ಣೆ ಅಚ್ಬೌದು. ಹಲ್ಗೆ ಏನೂ ಮಾಡಕಾಗಕಿಲ್ಲ ಕಣ್ಲಾ. ಹಲ್ಲು ನೋಡ್ದೆ ಹಗ್ಗ ಇಡೀಬ್ಯಾಡ." ನನ್ನ ಓದು ಅಂದರೆ ಅದೇ. ಹತ್ತು ವರ್ಷದಲ್ಲಿ ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಸಂತೆಗಳಲ್ಲಿ ನನ್ನ ಮುಖ ಗೊತ್ತಿಲ್ಲದ ದಳ್ಳಾಳಿ ಇರಲಿಲ್ಲ.

ದನದ ಬೆಲೆಯನ್ನು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಟವಲ್ಲು ಬೀಳುತ್ತದೆ. ಒಂದು ಬೆರಳು ಅದುಮಿದರೆ ಒಂದು ಸಾವಿರ, ಎರಡು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಟವಲ್ಲು ಅಲ್ಲಾಡುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ಬಾವನ ಬೆರಳುಗಳು ಎಷ್ಟು ಚುರುಕು ಅಂದರೆ, ಮಳೆ ಬೆಳೆ ವಿಚಾರ ಮಾತಾಡುತ್ತಲೇ ಕೆಳಗೆ ವ್ಯಾಪಾರ ಮುಗಿಸಿಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ, ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು. ಬಲಗಡೆಗೆ ಲಕ್ವ ಹೊಡೆದಿತ್ತು. ಮೈಸೂರಿನ ಆಸ್ಪತ್ರೆಯಿಂದ ಕಟ್ಟೆಮಳಲವಾಡಿಯ ಮನೆಗೆ ಬರುವ ಹೊತ್ತಿಗೆ ಕಾಲು ಎಳೆದುಕೊಂಡು ನಡೆಯುವಷ್ಟಾಗಿದ್ದರು. ಬಲಗೈಗೆ ಶಕ್ತಿ ಕಮ್ಮಿ. ಮಾತು ಮಾತ್ರ ಬರಲಿಲ್ಲ. ಎಲ್ಲಾ ಅರ್ಥವಾಗುತ್ತಿತ್ತು, ಹೇಳಹೊರಟರೆ "ಅದು... ಅದು..." ಅಂತ ನಿಂತುಬಿಡುತ್ತಿತ್ತು.

ಆಗ ನಾವು ಎರಡು ತಪ್ಪು ಮಾಡಿದೆವು. ನಿಮ್ಮ ಮನೆಯಲ್ಲಿ ಇಂಥದ್ದು ಆಗುವುದು ಬೇಡ, ಆದರೆ ನೀವು ಮಾಡಬೇಡಿ ಅಂತ ಹೇಳುತ್ತಿದ್ದೇನೆ. ಅಕ್ಕ ಬಂದವರನ್ನೆಲ್ಲ "ರೆಸ್ಟಲ್ಲವ್ರೆ" ಅಂತ ಬಾಗಿಲಿಂದಲೇ ಕಳಿಸಿದಳು. ಮೂವತ್ತು ವರ್ಷ ಸಂತೆಯ ಗದ್ದಲದಲ್ಲಿ ಬದುಕಿದ ಮನುಷ್ಯನನ್ನು ಕತ್ತಲೆ ಕೋಣೆಗೆ ಹಾಕಿದಂತಾಯಿತು. ಎರಡನೇ ತಪ್ಪು ನನ್ನದು. ದಳ್ಳಾಳಿಯ ಬಾಯಿ ನನ್ನದು. ಎರಡೂ ಕಡೆಯವರ ಮಾತು ನಾನೇ ಆಡಿ ಅಭ್ಯಾಸ. ಬಾವ "ಅದು..." ಅನ್ನುವುದೇ ತಡ, "ನೀರಾ? ಬೀಡಿಯಾ? ಆಚೆ ಕೂತ್ಕೋಬೇಕಾ?" ಅಂತ ನಾನೇ ಮುಗಿಸುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅನ್ನುವ ಹೆಮ್ಮೆ ಬೇರೆ.

ಬರಬರುತ್ತಾ ಬಾವ "ಅದು" ಅನ್ನುವುದನ್ನೂ ಬಿಟ್ಟರು. ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯುತ್ತಿತ್ತು. ಹಿತ್ತಲಲ್ಲಿ ಅಕ್ಕ ನನಗೆ ಹೇಳಿದಳು: "ಕಾಲೇನೋ ಬಂತು. ಮನ್ಸೇ ಒಂಟೋಯ್ತಾ ಅದೆ ಕಣ್ಲಾ. ಮಾತು ಬರ್ದಿದ್ರೂ ಚಿಂತಿಲ್ಲ, ಮನುಸ್ಯ ಉಳ್ಕಂಡ್ರೆ ಸಾಕು."

ಮತ್ತೆ ಮೈಸೂರಿಗೆ ಹೋದೆವು. ಡಾಕ್ಟರಮ್ಮ ಬಾವನನ್ನು ಕೇಳಿದರು, "ಬೆಳಿಗ್ಗೆ ಏನು ತಿಂದ್ರಿ?"

"ಇಡ್ಲಿ ಮೇಡಂ, ಎರಡು," ಅಂದೆ ನಾನು.

"ನಿದ್ದೆ ಬರುತ್ತಾ?"

"ಮೂರು ಗಂಟೆಗೇ ಎದ್ದು ಕೂತ್ಕತಾರೆ ಮೇಡಂ."

ಆಕೆ ಪೆನ್ನು ಕೆಳಗಿಟ್ಟರು. "ಲಕ್ವ ಹೊಡ್ದಿರೋದು ಯಾರಿಗೆ? ನಿಮಗಾ ಅವರಿಗಾ?"

ಅಕ್ಕ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ಸಲೀಸಾಗಿ ನನ್ನ ಬಾಯಿ ಮುಚ್ಚಿಸಿದವರು ಇನ್ನೊಬ್ಬರಿಲ್ಲ.

ಆಮೇಲೆ ಬಿಡಿಸಿ ಹೇಳಿದರು. ಮಾತು ಅನ್ನುವುದು ಮಿದುಳಿನ ಒಂದೇ ಜಾಗದಲ್ಲಿ ಡಬ್ಬಿಯಲ್ಲಿಟ್ಟ ಸಾಮಾನಲ್ಲ. ಕೇಳಿಸಿಕೊಳ್ಳುವ ಜಾಗ, ನೆನಪಿನ ಜಾಗ, ಬಾಯಿ ಆಡಿಸುವ ಜಾಗ, ಬೇಕು ಬೇಡ ಅನ್ನಿಸುವ ಜಾಗ, ಇವೆಲ್ಲಾ ಒಂದಕ್ಕೊಂದು ಎಳೆ ಕಟ್ಟಿಕೊಂಡಿರುತ್ತವೆ. ಬಾವನ ಮಾತುಗಳು ಬಹಳಮಟ್ಟಿಗೆ ಒಳಗೇ ಇವೆ, ಬಾಯಿಗೆ ಬರುವ ಎಳೆ ಕಿತ್ತಿದೆ. ಬೇರೆ ಎಳೆಗಳನ್ನು ದಿನಾ ಕೆಲಸಕ್ಕೆ ಹಚ್ಚಿದರೆ ಅವು ಬಲವಾಗಬಹುದು, ಸುಮ್ಮನೆ ಬಿಟ್ಟರೆ ಸೊರಗುತ್ತವೆ. ಮಂಕು ಕವಿದಿರುವುದೂ ಬರೀ ದುಃಖದಿಂದಲ್ಲ, ಪೆಟ್ಟು ಬಿದ್ದ ಮಿದುಳಿನಲ್ಲಿ ಉತ್ಸಾಹದ ದಾರಿಗಳೂ ಸಡಿಲವಾಗುವುದುಂಟು. ಅದಕ್ಕೆ ಒಂದು ಮಾತ್ರೆ ಬರೆದುಕೊಟ್ಟು, "ಜೊತೆಗೆ ಜನ ಬೇಕು" ಅಂದರು.

ನನಗೆ ಅದು ಬಸ್ಸಿನ ಲೆಕ್ಕದಲ್ಲಿ ತಿಳಿಯಿತು. ಹುಣಸೂರಿನ ಹತ್ತಿರ ರಸ್ತೆ ಕಿತ್ತುಹೋದರೆ ಪಿರಿಯಾಪಟ್ಟಣ ಏನು ಮಾಯವಾಗುತ್ತದಾ? ಮೈಸೂರಿನ ಬಸ್ಸು ಕೆ.ಆರ್.ನಗರದ ಮೇಲೆ ಸುತ್ತಿಕೊಂಡು ಬರುತ್ತದೆ. ಮೊದಲ ದಿನ ಡ್ರೈವರ್ ಪ್ರತಿ ತಿರುವಿನಲ್ಲೂ ನಿಲ್ಲಿಸಿ ದಾರಿ ಕೇಳುತ್ತಾನೆ. ಹದಿನೈದು ದಿನ ಆದ ಮೇಲೆ ಹಾಡು ಹಾಕಿಕೊಂಡು ಓಡಿಸುತ್ತಾನೆ.

"ಎಷ್ಟು ದಿನ ಆಗುತ್ತೆ ಮೇಡಂ? ಎರಡು ತಿಂಗಳು ಅಂದ್ಕಳನಾ?"

"ಹೇಳಕ್ಕಾಗಲ್ಲ."

"ಹೋಗ್ಲಿ, ಮೂರು ಮಾಡ್ಕಳಿ."

"ಇದೇನು ಸಂತೇನಾ? ನೀವು ಮಾತು ಕಡಿಮೆ ಮಾಡಿ. ಅವರು ಹೇಳೋವರೆಗೂ ಕಾಯಿರಿ." ಚೌಕಾಸಿಗೆ ಆಕೆ ಒಂದು ದಿನವೂ ಇಳಿಯಲಿಲ್ಲ.

ಅಕ್ಕ ಬಂದವರಿಗೆ ಬಾಗಿಲು ತೆರೆದ ಮೇಲೆ ಮೊದಲು ಬಂದವರು ಎತ್ತಿನ ಗೊರಸಿಗೆ ಲಾಳ ಕಟ್ಟುವ ಹುಣಸೂರಿನ ಸಾಹೇಬರು. ಬಾವನಿಗೆ ಹಳೇ ದೋಸ್ತಿ. ಅವರು ಆರೋಗ್ಯ ವಿಚಾರಿಸುವ ಗೋಜಿಗೇ ಹೋಗಲಿಲ್ಲ. ಮಂಚದ ಪಕ್ಕ ಕೂತು, ಬಾವನ ಎಡಗೈ ಹಿಡಿದು, ಮೇಲೆ ತಮ್ಮ ಟವಲ್ಲು ಎಸೆದರು.

"ಏನ್ ಗೌಡ್ರೇ, ನಿಮ್ ಬಾಮೈದನ್ನ ಕೊಡ್ತೀರಾ? ಜೋರಾಗಿ ಗುಟುರು ಹಾಕ್ತದೆ, ಉಳುಮೆಗೆ ಬರುತ್ತೋ ಇಲ್ವೋ ಗೊತ್ತಿಲ್ಲ. ಏನ್ ಬೆಲೆ?"

ಟವಲ್ಲು ಸುಮ್ಮನಿತ್ತು. ಬಾಯಿಗೆ ಬಂದ ಹತ್ತು ಮಾತಿಗೆ ನಾನೇ ಕೈ ಅಡ್ಡ ಹಿಡಿದುಕೊಂಡೆ. ಆಮೇಲೆ ಟವಲ್ಲು ಅಲ್ಲಾಡಿತು. ಸಾಹೇಬರು ಹೋ ಅಂತ ನಕ್ಕು ಟವಲ್ಲು ತೆಗೆದರು. ಬಾವ ಅವರ ಕಿರುಬೆರಳಿನ ತುದಿಯನ್ನು ಮಾತ್ರ ಹಿಡಿದಿದ್ದರು. ಇಷ್ಟು ಕೊಟ್ಟರೂ ಹೊಡಕೊಂಡು ಹೋಗು ಅಂತ.

ಬಾವ ನಗುತ್ತಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು, ನಗು ಮಾತ್ರ ಹಳೆಯದೇ. ಅಕ್ಕ ಅಡುಗೆಮನೆಗೆ ಓಡಿಹೋಗಿ ಎಲ್ಲರಿಗೂ ಕಾಫಿ ತಂದಳು, ಸಕ್ಕರೆ ಹಾಕುವುದನ್ನು ಮರೆತಿದ್ದಳು.

ಅವತ್ತಿಂದ ನಮ್ಮ ಮನೆಯಲ್ಲಿ ದಿನಾ ಸಂತೆ. ಬಂದವರೆಲ್ಲ ಟವಲ್ಲು ಹಾಕಬೇಕು. ಮುಂದಿನ ಸಲ ಮೈಸೂರಿಗೆ ಹೋದಾಗ ಇದನ್ನು ಕೇಳಿ, ಬೆರಳು ಅದುಮುವಾಗ ಬಾಯಲ್ಲೂ ಹೇಳಿಸಿ ಅಂದರು ಡಾಕ್ಟರಮ್ಮ. ಬೇಕಾದ ಒಂದೇ ಅಂಕಿ ಬಾಯಿಗೆ ಬರುತ್ತಿರಲಿಲ್ಲ. ಆದರೆ ಒಂದರಿಂದ ಸಾಲಾಗಿ ಶುರುಮಾಡಿದರೆ ಗಾಡಿ ಉರುಳಿದ ಹಾಗೆ ಉರುಳುತ್ತಿತ್ತು. ನಾಲ್ಕು ಅನ್ನಬೇಕಾದರೆ "ಒಂದು, ಎರಡು, ಮೂರು, ನಾಲ್ಕು" ಅಂತ ಹೋಗಿ, ಅಲ್ಲಿ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಸುತ್ತು ದಾರಿ, ಆದರೂ ಊರು ಸಿಕ್ಕಿತಲ್ಲ. ಮುದ್ದೆ ಪೂರ್ತಿ ಖಾಲಿಯಾಗತೊಡಗಿತು. ಒಂದು ದಿನ ಅಕ್ಕನನ್ನೂ ಕೂರಿಸಿಕೊಂಡು ಟವಲ್ಲು ಹಾಕಿದರಂತೆ. ಏನು ವ್ಯಾಪಾರ ಅಂತ ಕೇಳಿದರೆ ಇಬ್ಬರೂ ಹೇಳಲಿಲ್ಲ.

ಐದಾರು ತಿಂಗಳ ಮೇಲೆ ಮನೆಯ ಉಳುಮೆಗೆ ಒಂದು ಜೋಡಿ ಬೇಕಾಯಿತು. ಬಾವನನ್ನು ಕರೆದುಕೊಂಡು ಎಚ್.ಡಿ.ಕೋಟೆ ದಾಟಿ ಅಂತರಸಂತೆ ಊರಿನ ದನದ ಸಂತೆಗೆ ಹೊರಟೆ. ಬಸ್ಸು ಹತ್ತಿಸುವಾಗ ಅಕ್ಕ ಎಚ್ಚರಿಸಿದಳು: "ಅಲ್ಲೂ ನೀನೇ ವದರಿಬುಟ್ಟೀಯ. ಅವ್ರೇ ಮಾತಾಡ್ಲಿ."

ಬೀಚನಹಳ್ಳಿ ಕಡೆಯವನೊಬ್ಬ ಒಳ್ಳೆ ಬಿಳೀ ಜೋಡಿ ಹೊಡೆದುಕೊಂಡು ಬಂದಿದ್ದ. ಮೈ ಮಿರಿಮಿರಿ ಮಿಂಚುತ್ತಿತ್ತು, ಕೊಂಬಿಗೆ ಹೊಸ ಬಣ್ಣ. ಬಾವ ಎಡಗೈ ಚಾಚಿದರು. ಅವನು ಒಂದು ಗಳಿಗೆ ಗಲಿಬಿಲಿಯಾಗಿ, ಆಮೇಲೆ ತಾನೂ ಎಡಗೈ ಕೊಟ್ಟ. ಟವಲ್ಲು ಬಿತ್ತು, ಅಲ್ಲಾಡಿತು, ನಿಂತಿತು.

"ಏನ್ರಣ್ಣ, ಆಯ್ತಾ?" ಅಂದ ಅವನು.

ಬಾವನ ತುಟಿ ಅಲುಗಿತು, ಮಾತು ಬರಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಪಕ್ಕದವರು ಗುಸುಗುಸು ಅಂದರು. ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಲೆಯಡಿಕೆ ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿ ನಿಂತೆ. ಬಾಯಿ ಮುಚ್ಚಿಕೊಂಡಿರುವುದು ಅಷ್ಟು ದುಡಿಮೆ ಅಂತ ಆವತ್ತೇ ಗೊತ್ತಾಗಿದ್ದು. ಗಮನವೆಲ್ಲಾ ಅಲ್ಲೇ ಹೋಗಿ, ನಾನು ಎತ್ತನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಬಾವ ಟವಲ್ಲು ತೆಗೆದರು. ಮಾರುವವನ ಕಡೆಯಲ್ಲ, ನನ್ನ ಕಡೆ ತಿರುಗಿದರು. ಕತ್ತಿನ ನರ ಉಬ್ಬಿತ್ತು.

"ಹಲ್ಲು..." ಅಂದರು. ಮತ್ತೆ ಉಸಿರು ಎಳೆದುಕೊಂಡು, "ನೋಡ್ಲಾ."

ಬಾಯಲ್ಲಿದ್ದ ಎಲೆಯಡಿಕೆ ಉಗಿದು ಹೋಗಿ ಬಲಗಡೆ ಎತ್ತಿನ ತುಟಿ ಎತ್ತಿದೆ. ಹಲ್ಲು ಸವೆದು ಬುಡಕ್ಕೆ ಬಂದಿತ್ತು. ಎಣ್ಣೆ ಹಚ್ಚಿದ ಮುದಿ ಎತ್ತು. ಮಾರುವವನು ಸಿಟ್ಟಾಗಲಿಲ್ಲ. "ಮಾತು ಬರಕಿಲ್ಲ ಅಂದ್ಕಂಡಿದ್ದೆ ಕಣಣ್ಣ," ಅಂದು ನಕ್ಕು ಹಗ್ಗ ಬಿಚ್ಚಿಕೊಂಡ.

ಬರಿಗೈಯಲ್ಲಿ ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ಇದ್ದಳು. "ಎತ್ತೆಲ್ಲಿ?"

ನನ್ನ ಬಾಯಿ ತೆರೆದಿತ್ತು, ಮುಚ್ಚಿಕೊಂಡೆ. ಅಕ್ಕ ಬಾಗಿಲು ಹಿಡಿದು ಕಾದಳು. ಒಳಗೆ ಹಾಲು ಉಕ್ಕುವ ಸದ್ದು ಕೇಳಿತು, ಯಾರೂ ಕದಲಲಿಲ್ಲ. ಬಾವ ಎಡಗೈಯಿಂದ ನನ್ನ ಹೆಗಲು ಹಿಡಿದು ಮುಂದಕ್ಕೆ ನೂಕಿದರು.

"ಇವ್ನು... ಹಲ್ಲು... ನೋಡ್ನಿಲ್ಲ," ಅಂದರು.

ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ನನ್ನ ಮೇಲಿನ ಚಾಡಿ. ಅದಕ್ಕೂ ನಾನು ಎದುರು ಮಾತಾಡಲಿಲ್ಲ.