ಜೂನ್ ಒಂದರಂದು ಹುಟ್ಟಿದವರು

ನಿವೃತ್ತಿಯಾದ ಮೇಲೆ ನನಗೆ ಉಳಿದ ಒಂದೇ ಅಧಿಕಾರವೆಂದರೆ ನಮ್ಮೂರ ಗ್ರಂಥಾಲಯದ ಹೊರಗೋಡೆಯ ಕರಿಹಲಗೆ. ಊರು ಕುಷ್ಟಗಿ ತಾಲೂಕಿನದು. ಇಲ್ಲಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕನಾಗಿದ್ದೆ. ಈಗ ದಿನಾ ಬೆಳಿಗ್ಗೆ ಏಳೂವರೆಗೆ ಚಾಕ್ ಹಿಡಿದು ಹಲಗೆಯ ಮೇಲೆ ಅಂದಿನ ವಿಶೇಷ ಬರೆಯುತ್ತೇನೆ: ಈ ದಿನ ಹಿಂದೆ ಏನು ನಡೆದಿತ್ತು, ಯಾವ ಖ್ಯಾತರು ಹುಟ್ಟಿದರು, ಜಗತ್ತು ಇವತ್ತು ಏನನ್ನು ಆಚರಿಸುತ್ತಿದೆ. ಗುಬ್ಬಚ್ಚಿಗೊಂದು ದಿನ, ಶೌಚಾಲಯಕ್ಕೊಂದು ದಿನ, ಎಡಚರಿಗೊಂದು ದಿನ ಇದೆ ಎಂದು ಊರಿಗೆ ತಿಳಿದದ್ದು ನನ್ನಿಂದ. ಎದುರಿನ ಚಹದಂಗಡಿಯವರು ಇವತ್ತು ಯಾರ ಪಾಳಿ ಎಂದು ಕೇಳುತ್ತಾರೆ. ಚೇಷ್ಟೆಯೆಂದು ಗೊತ್ತಿದ್ದೂ ನಾನು ಗಂಭೀರವಾಗಿಯೇ ಉತ್ತರ ಕೊಡುತ್ತೇನೆ. ಮನೆಯಲ್ಲಿ ಹೆಂಡತಿ ತನ್ನ ದಖ್ಖನಿ ಉರ್ದುವಿನಲ್ಲಿ ಹೇಳುವ ಮಾತು ಬೇರೆ: ಈ ಮನುಷ್ಯನಿಗೆ ಜಗತ್ತಿನವರ ಹುಟ್ಟುಹಬ್ಬವೆಲ್ಲ ಗೊತ್ತು, ಕಟ್ಟಿಕೊಂಡವಳದೊಂದನ್ನು ಬಿಟ್ಟು. ನನಗೆ ಸ್ವಲ್ಪ ಜಂಬ ಇತ್ತು, ಒಪ್ಪುತ್ತೇನೆ.

ಜೂನ್ ಒಂದು ಬಂದರೆ ಹಲಗೆ ಸಾಲುವುದಿಲ್ಲ. ಅಂದು ವಿಶ್ವ ಹಾಲು ದಿನ, ತಂದೆತಾಯಿಗಳ ಜಾಗತಿಕ ದಿನವೂ ಹೌದು. ಹಳೆಯ ಹಿಂದಿ ಸಿನಿಮಾದ ದೊಡ್ಡ ನಟಿಯೊಬ್ಬಳು, ಹಾಲಿವುಡ್ಡಿನ ಇನ್ನೂ ದೊಡ್ಡ ನಟಿಯೊಬ್ಬಳು ಹುಟ್ಟಿದ್ದು ಅಂದೇ. ಇಪ್ಪತ್ನಾಲ್ಕು ತಾಸೂ ಬರೀ ಸುದ್ದಿ ಹೇಳುವ ಮೊದಲ ಟೀವಿ ವಾಹಿನಿ ಶುರುವಾದದ್ದೂ ಅಂದೇ. ಇವೆಲ್ಲಕ್ಕಿಂತ ದೊಡ್ಡ ಸಂಗತಿಯನ್ನು ಮಾತ್ರ ನಾನು ಎಂದೂ ಹಲಗೆಯ ಮೇಲೆ ಬರೆದವನಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿಗೆ ಹೋಗಿ ಕೇಳಿದರೂ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ ಒಂದರಂದೇ. ಅಂದು ಬೆಳಗಾಗುತ್ತಲೇ ಫೋನಿನ ಗುಂಪುಗಳಲ್ಲಿ ಕೇಕಿನ ಚಿತ್ರಗಳು ಸುರಿಯತೊಡಗುತ್ತವೆ.

ಅಷ್ಟು ಜನರನ್ನು ಒಂದೇ ದಿನ ಹುಟ್ಟಿಸಿದವರು ನಾವು, ಶಾಲೆಯ ಮಾಸ್ತರರು. ಹೆತ್ತವರಿಗೆ ಅಮಾವಾಸ್ಯೆ, ಹುಣ್ಣಿಮೆ, ಸುಗ್ಗಿ ನೆನಪಿರುತ್ತಿತ್ತು, ತಾರೀಖು ಇರುತ್ತಿರಲಿಲ್ಲ. ಶಾಲೆ ಶುರುವಾಗುವ ದಿನಕ್ಕೆ, ಅಂದರೆ ಜೂನ್ ಒಂದಕ್ಕೆ, ಮಗುವಿಗೆ ಆರು ತುಂಬಿರಬೇಕೆಂದು ಸರಕಾರದ ನಿಯಮ. ಹಾಗಾಗಿ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು, ಮುಟ್ಟಿತೆಂದರೆ ಆರು ವರ್ಷ ಎನ್ನುವುದು, ದಾಖಲಾತಿ ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆಯುವುದು. ನನಗೆ ಮೊದಲಿನವರು ಹಾಗೆ ಬರೆದಿದ್ದರು, ನಾನೂ ಬರೆದೆ. ತಪ್ಪು ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ.

ಹೋದ ವರ್ಷ ಜೂನ್ ಒಂದರಂದು ನಾನು ಹಾಲಿನ ದಿನದ ಬಗ್ಗೆ ಎರಡನೇ ಸಾಲು ಬರೆಯುತ್ತಿದ್ದಾಗ ಕುರಿ ವ್ಯಾಪಾರ ಮಾಡುವ ಒಬ್ಬರು ಬಂದು ಹಿಂದೆ ನಿಂತರು. ಅವರ ಕಿರಿಯ ಮಗಳು ನನ್ನ ವಿದ್ಯಾರ್ಥಿನಿ. ಆ ವರ್ಷವೇ ಪಿಯುಸಿ ವಿಜ್ಞಾನದಲ್ಲಿ ಛಲೋ ಅಂಕ ತೆಗೆದು ಪಾಸಾಗಿದ್ದಳು. ಅದರ ಪೇಢೆ ಇರಬೇಕೆಂದು ಕೈ ಚಾಚಿದೆ. ಅವರು ಕೊಟ್ಟದ್ದು ಅರಿಷಿಣ ಹಚ್ಚಿದ ಲಗ್ನಪತ್ರಿಕೆ. ಮಗಳ ಮದುವೆ, ನಾಡಿದ್ದು ಹೇಮಗುಡ್ಡದ ದೇವಿಯ ಗುಡಿಯಲ್ಲಿ, ವರ ಗಂಗಾವತಿಯಲ್ಲಿರುವ ತಮ್ಮ ಅಕ್ಕನ ಮಗ ಎಂದರು.

ಇಷ್ಟು ಬೇಗ ಯಾಕೆ ಎಂದೆ. ಅವರಿಗೆ ಸ್ವಲ್ಪ ನೋವಾದಂತಿತ್ತು.

"ಬೇಗ ಎಲ್ಲಿ ಐತ್ರಿ ಸರ? ಕಾಯಿದೆ ಮೀರಬಾರದು ಅಂತ ಒಂದು ವರ್ಷದಿಂದ ತಡದೀನಿ. ಇವತ್ತಿಗೆ ಬರೋಬ್ಬರಿ ಹದಿನೆಂಟು ತುಂಬಿದ್ವು. ತಾರೀಖು ನೀವ ಬರದದ್ದು."

ಬೇರೆ ಮಕ್ಕಳ ದಾಖಲಾತಿ ನನಗೆ ನೆನಪಿಲ್ಲ, ಆದರೆ ಈ ಹುಡುಗಿಯದು ನೆನಪಿತ್ತು. ಅಕ್ಕನ ಲಂಗ ಹಿಡಿದು ಬಂದ ಗುಬ್ಬಿಯಂಥ ಕೂಸು. ತಾಯಿಗೆ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ: ಒಂದೊಂದೇ ಹೂವಿಗೆ ಬೇರೆ ಹೂವಿನ ಪರಾಗ ಮುಟ್ಟಿಸುವುದು. ಬೆಳಗಿನ ಜಾವವೇ ಹೋಗಬೇಕು, ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಲ್ಲ, ಅಕ್ಕನ ಜೊತೆ ಶಾಲೆಯಲ್ಲಿ ಕೂಡಿಸಿಕೊಳ್ಳಿ ಎಂದು ತಾಯಿಯೇ ಬಂದು ಬೇಡಿದ್ದರು. ಕಿವಿ ಮುಟ್ಟು ಎಂದರೆ ಆ ಕೂಸು ಕೈ ಎಟುಕದೆ ಕತ್ತನ್ನೇ ಬಾಗಿಸಿ ಮುಟ್ಟಿತು. ನಾವೆಲ್ಲ ನಕ್ಕೆವು. ಜಾಣೆ ಎಂದು ಕೆನ್ನೆ ತಟ್ಟಿ ಆರು ವರ್ಷ ಎಂದು ಬರೆದೆ. ಅದು ಪೂರ್ತಿ ದಯೆಯೂ ಆಗಿರಲಿಲ್ಲ. ಆ ವರ್ಷ ಒಂದನೇ ತರಗತಿಗೆ ಮಕ್ಕಳು ಕಡಿಮೆ ಬಿದ್ದಿದ್ದರು. ಇನ್ನೊಂದು ಹೆಸರು ಬರದಿದ್ದರೆ ನಮ್ಮಲ್ಲಿಯ ಒಬ್ಬ ಶಿಕ್ಷಕರನ್ನು ಬೇರೆ ಊರಿಗೆ ಕಳಿಸುತ್ತಿದ್ದರು.

ಹಲಗೆಯನ್ನು ಅರ್ಧಕ್ಕೇ ಬಿಟ್ಟು ಶಾಲೆಗೆ ಹೋದೆ. ಈಗಿನ ಮುಖ್ಯ ಶಿಕ್ಷಕಿ ನನ್ನ ಹಳೆಯ ಸಹೋದ್ಯೋಗಿ. ಕೇಳಿದ ಕೂಡಲೇ ಪುಸ್ತಕ ತೆಗೆದುಕೊಟ್ಟರು. ನನ್ನದೇ ದುಂಡನೆಯ ಅಕ್ಷರ, ನನ್ನದೇ ಸಹಿ. ಆ ಪುಟದಲ್ಲಿ ಮೇಲಿಂದ ಕೆಳಗೆ ಎಲ್ಲರದೂ ಜೂನ್ ಒಂದೇ ಆಗಿತ್ತು. ಇಷ್ಟು ವರ್ಷ ಇದನ್ನು ನಾನು ಅಚ್ಚುಕಟ್ಟು ಎಂದುಕೊಂಡಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಲ್ಲಿಂದ ಅಂಗನವಾಡಿಗೆ ಹೋದೆ. ಕಾರ್ಯಕರ್ತೆ ಟ್ರಂಕಿನಿಂದ ಹಳೆಯ ಲಸಿಕೆ ಪುಸ್ತಕವನ್ನು ತೆಗೆದು ಧೂಳು ಝಾಡಿಸಿದರು. ಹುಡುಗಿಯ ಹೆಸರಿನ ಮುಂದೆ ಎಲ್ಲ ಇತ್ತು: ಹೆರಿಗೆಯಾದ ಆಸ್ಪತ್ರೆ, ಎರಡು ಕಿಲೋ ಚಿಲ್ಲರೆ ತೂಕ, ಹುಟ್ಟಿದ ತಾರೀಖು. ಜನವರಿ ಹನ್ನೆರಡು. ವರ್ಷ ನೋಡಿ ಬೆರಳು ಮಡಚಿ ಎಣಿಸಿದೆ, ನಂಬದೆ ಮತ್ತೊಮ್ಮೆ ಎಣಿಸಿದೆ. ಹದಿನಾರು ವರ್ಷ, ನಾಲ್ಕು ತಿಂಗಳು, ಇಪ್ಪತ್ತು ದಿನ. ಶಾಲೆಗೆ ಬಂದಾಗ ಆ ಕೂಸಿಗೆ ಐದೂ ತುಂಬಿರಲಿಲ್ಲ. ಶಾಲೆಯಿಂದ ಈ ಪುಸ್ತಕ ಐವತ್ತು ಹೆಜ್ಜೆ ದೂರ, ಕೇಳಲು ಬರುವುದಕ್ಕೆ ನಿಮಗೆ ಹನ್ನೆರಡು ವರ್ಷ ಬೇಕಾಯಿತೇ ಎಂದು ಆಕೆ ಮೆಲ್ಲಗೆ ಕೇಳಿದರು.

ಜನವರಿ ಹನ್ನೆರಡು ರಾಷ್ಟ್ರೀಯ ಯುವ ದಿನ. ಪ್ರತಿವರ್ಷ ಪ್ರಾರ್ಥನೆಯ ಹೊತ್ತಿಗೆ ಆ ದಿನದ ಮಹತ್ವವನ್ನು ಅರ್ಧ ತಾಸು ಹೇಳುತ್ತಿದ್ದೆ, ಆ ಹುಡುಗಿ ಮುಂದಿನ ಸಾಲಿನಲ್ಲಿ ನಿಂತು ಕೇಳುತ್ತಿದ್ದಳು. ಅಂದು ಅವಳ ಹುಟ್ಟುಹಬ್ಬ ಎಂಬುದು ನನಗೆ ಗೊತ್ತಿರಲಿಲ್ಲ.

ಪುಟದ ಫೋಟೊ ತೆಗೆದುಕೊಂಡು ಸೀದಾ ಅವರ ಮನೆಗೆ ನಡೆದೆ. ಅಂಗಳದಲ್ಲಿ ಅರಿಷಿಣದ ಹಂದರಕ್ಕೆ ಇಬ್ಬರು ಗುಂಡಿ ತೋಡುತ್ತಿದ್ದರು. ನಾನು ಮನಸ್ಸು ಗಟ್ಟಿಮಾಡಿಕೊಂಡಿದ್ದೆ: ತಪ್ಪು ಒಪ್ಪಿಕೊಳ್ಳುವುದು, ಮದುವೆ ನಿಲ್ಲಿಸಲು ಹೇಳುವುದು, ಒಪ್ಪದಿದ್ದರೆ ಕುಷ್ಟಗಿಗೆ ಹೋಗಿ ಮಕ್ಕಳ ಅಭಿವೃದ್ಧಿ ಅಧಿಕಾರಿಯ ಮುಂದೆ ನನ್ನ ಸುಳ್ಳನ್ನು ಬರೆದುಕೊಡುವುದು. ತಂದೆತಾಯಿಯನ್ನು ಪಡಸಾಲೆಯಲ್ಲಿ ಕೂಡಿಸಿ ಎಲ್ಲ ಹೇಳಿದೆ, ಫೋಟೊ ತೋರಿಸಿದೆ. ತಂದೆ ಬೆಪ್ಪಾಗಿ ಕುಳಿತರು. ಅವರು ಕೆಟ್ಟವರಲ್ಲ, ಕಾಯಿದೆಯಂತೆ ನಡೆಯುತ್ತಿದ್ದೇನೆಂದು ನಿಜಕ್ಕೂ ನಂಬಿದ್ದರು. ಕಾಯಿದೆ ಬರೆಯುವ ಕೈಯೇ ಸುಳ್ಳು ಬರೆದರೆ ನಮ್ಮಂಥವರು ಯಾರನ್ನು ಕೇಳಬೇಕು ಎಂದರು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದರು.

"ಸಂಕ್ರಾಂತಿ ಎರಡು ದಿನ ಇರೂ ಮುಂದ ಹುಟ್ಟ್ಯಾಳ ಅಂತ ನಾ ಅವತ್ತ ಹೇಳಿದ್ನೆಲ್ರಿ ಸರ. ನೀವ ನಕ್ಕೊಂತ ಅಂದ್ರಿ, ಇರ್ಲಿ ಬಿಡವಾ, ಸರಕಾರಕ್ಕ ನಿಮ್ಮ ಸಂಕ್ರಾಂತಿ ತಿಳಿಯಂಗಿಲ್ಲ ಅಂತ."

ಅದು ನನಗೆ ನೆನಪಿರಲಿಲ್ಲ. ಈಗಲೂ ನೆನಪಾಗುವುದಿಲ್ಲ. ಆದರೆ ಅದು ನನ್ನದೇ ಮಾತು, ಅದರ ಧಾಟಿ ನನ್ನದೇ. ತಾರೀಖು ಯಾರಿಗೂ ಗೊತ್ತಿರುತ್ತಿರಲಿಲ್ಲ ಎಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆನಲ್ಲ, ಈ ತಾಯಿಗೆ ಗೊತ್ತಿತ್ತು, ಕೇಳದೆಯೂ ಹೇಳಿದ್ದರು.

ಆಗ ಹುಡುಗಿ ಒಳಗಿನಿಂದ ಬಂದಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಿರಬಹುದು, ನನ್ನನ್ನು ನೋಡಿ ಜೀವ ಬಂದಂತಾಗಿರಬಹುದು ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟು. ಸಿಟ್ಟು ನನ್ನ ಮೇಲೆ.

ಅವಳು ಎಲ್ಲ ಬಿಡಿಸಿ ಹೇಳಿದಳು. ತನ್ನ ನಿಜವಾದ ತಾರೀಖು ಅವಳಿಗೆ ಎಂಟನೇ ತರಗತಿಯಿಂದ ಗೊತ್ತಿತ್ತು. ಬಸುರಿಯರಿಗೆ ಆಸ್ಪತ್ರೆಯವರು ಕೊಡುವ ತಾಯಿ ಕಾರ್ಡು ಮನೆಯ ಟ್ರಂಕಿನಲ್ಲಿ ಸಿಕ್ಕಾಗ ಅದರಲ್ಲಿ ನೋಡಿದ್ದಳು. ಕೊಪ್ಪಳದಲ್ಲಿ ನರ್ಸಿಂಗ್ ಓದಲು ಅರ್ಜಿ ಹಾಕಿದ್ದಳು. ಅಲ್ಲಿ ಸೇರಲು ಡಿಸೆಂಬರ್ ಮೂವತ್ತೊಂದಕ್ಕೆ ಹದಿನೇಳು ತುಂಬಿರಬೇಕು. ಶಾಲೆಯ ಕಾಗದದ ಪ್ರಕಾರ ಯಾವಾಗಲೋ ತುಂಬಿದೆ. ಅಂಗನವಾಡಿಯ ಪುಸ್ತಕದ ಪ್ರಕಾರ ಹನ್ನೆರಡು ದಿನ ಕಡಿಮೆ ಬೀಳುತ್ತದೆ. ಇದೆಲ್ಲವನ್ನೂ ಅವಳು ನನಗಿಂತ ಮೊದಲೇ ಎಣಿಸಿಟ್ಟಿದ್ದಳು.

"ನೀವು ಆ ಫೋಟೊ ಆಫೀಸಿಗೆ ಕೊಟ್ರ ಮದುವಿ ನಿಲ್ಲತೈತ್ರಿ ಸರ, ಖರೆ. ಕಾಲೇಜೂ ನಿಲ್ಲತೈತಿ. ಮತ್ತ ಮನ್ಯಾಗ ಕೂತು ಖರೇ ಹದಿನೆಂಟು ಆಗೂದು ಕಾಯ್ಬೇಕೇನು, ಇದ ಹಂದರಕ್ಕ?"

ಅವಳನ್ನು ಉಳಿಸಲು ಬಂದವನು ನಾನು. ಅವಳಿಗಿದ್ದ ಒಂದೇ ದಾರಿಯನ್ನು ಮುಚ್ಚುವ ಫೋಟೊವನ್ನು ಜೇಬಿನಲ್ಲಿ ತಂದಿದ್ದೆ. ನಾನು ಬರೆದ ಒಂದು ಸುಳ್ಳಿನ ಮೇಲೆ ಒಂದು ಮಗು ಹನ್ನೆರಡು ವರ್ಷದ ಓದನ್ನು ಕಟ್ಟಿಕೊಂಡಿತ್ತು, ಈಗ ಬುಡದಿಂದ ಅದನ್ನು ಎಳೆಯಲು ಹೋಗಿದ್ದೆ.

ಅವಳು ತಂದೆಯ ಎದುರು ಕೂತಳು. ದನಿ ಏರಿಸಲಿಲ್ಲ.

"ಅಪ್ಪಾ, ಇವತ್ತ ನನಗ ಹದಿನೆಂಟು ತುಂಬಿತು ಅಂತ ಊರ ಮಂದಿಗೆಲ್ಲ ನೀನ ಹೇಳೀದಿ. ಹಂಗಾರ ಒಲ್ಲೆ ಅನ್ನೂದೂ ಇವತ್ತಿಂದ ನನ್ನ ಕೈಯಾಗ ಐತಿ. ನಾ ಒಲ್ಲೆ."

ಅಂಗಳದಲ್ಲಿ ಗುಂಡಿ ತೋಡುವ ಸಪ್ಪಳ ನಿಂತಿತ್ತು, ಅವರೂ ಕೇಳುತ್ತಿದ್ದರು. ತಂದೆ ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕಾಗದದಲ್ಲಿ ಎರಡು ವಯಸ್ಸು ಇವೆ, ಒಂದನ್ನು ನೀವು ಬರೆದಿರಿ, ಇನ್ನೊಂದನ್ನು ನೀವೇ ತಂದಿರಿ, ಯಾವುದನ್ನು ಹಿಡಿಯಲಿ ಎಂದು ಕೇಳಿದರು. ಚೇಷ್ಟೆಯಿಂದಲ್ಲ. ಅವರಿಗೆ ನಿಜವಾಗಿಯೂ ತಿಳಿಯದಾಗಿತ್ತು. ಹದಿನಾರು ಎಂದರೆ ಅವಳು ಇನ್ನೂ ಅವರ ಕೈಯಲ್ಲಿರುವ ಮಗು, ಕಾಲೇಜೂ ಇಲ್ಲ. ಹದಿನೆಂಟು ಎಂದರೆ ಅವಳ ಮಾತು ಅವಳದು. ಆದರೆ ಹದಿನೆಂಟು ಎಂದ ಮೇಲೂ ಅವರು ಅವಳ ಮಾತು ಕೇಳದಿದ್ದರೆ? ಹದಿನಾರರ ಹುಡುಗಿಯ ಕೊರಳಿಗೆ ತಾಳಿ ಬೀಳುವುದು ನನ್ನ ಬಾಯಿಂದಲೇ ಆಗುತ್ತಿತ್ತು. ನನಗೆ ಭಯವಾಯಿತು. ಸೇವೆಯಲ್ಲಿದ್ದ ಅಷ್ಟೂ ವರ್ಷಗಳಲ್ಲಿ ತಾರೀಖು ಬರೆಯುವಾಗ ಒಮ್ಮೆಯೂ ಆಗದ ಭಯ ಅದು.

"ಹದಿನೆಂಟು," ಎಂದೆ. "ನಾನ ಬರದೀನಿ. ಆಕಿ ಒಲ್ಲೆ ಅಂದ ಮ್ಯಾಲ ಒತ್ತಾಯ ಮಾಡಿದ್ರ, ಈ ಫೋಟೊ ತಗೊಂಡು ನಾನ ಠಾಣೆಗೆ ಹೋಗ್ತೀನಿ. ನನ್ನ ಮ್ಯಾಲೂ ಕೇಸಾಗ್ಲಿ."

ಮೊದಲ ಸಲ ಯೋಚಿಸದೆ, ನಗುತ್ತ ಬರೆದ ಸುಳ್ಳು. ಎರಡನೇ ಸಲ ಎಲ್ಲ ಗೊತ್ತಿದ್ದು, ಎಣಿಸಿ, ಅವಳ ಮುಖ ನೋಡುತ್ತ ಹೇಳಿದೆ. ನನ್ನ ಬಾಯಿಂದ ಇದು ಬಂತೇ ಎಂದು ನನಗೇ ದಿಗಿಲಾಯಿತು. ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸಿ ಸಂಬಳ ತಿಂದವನು.

ತಂದೆ ಚಾಪೆಯ ಅಂಚನ್ನು ಕೀಳತೊಡಗಿದರು. ಅಕ್ಕನಿಗೆ ಏನು ಹೇಳಲಿ ಎಂದು ಒಮ್ಮೆ ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಎದ್ದು ಹೊಸ್ತಿಲಿಗೆ ಹೋಗಿ, ಗುಂಡಿ ಮುಚ್ಚಿ ಬಿಡಿ ಎಂದು ಹೊರಗಿನವರಿಗೆ ಹೇಳಿದರು. ತಾಯಿ ಒಳಗೆ ಹೋಗಿ ನನಗೆ ಚಹ ತಂದರು. ಹುಡುಗಿ ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳುವ ಕಾರಣವೂ ಇರಲಿಲ್ಲ. ಫೋಟೊ ಅಳಿಸಿಬಿಡಿ ಎಂದಷ್ಟೇ ಹೇಳಿದಳು. ಅವಳು ಕೊಪ್ಪಳದ ಬಸ್ಸು ಹತ್ತುವ ತನಕ ಇರಲಿ ಎಂದೆ.

ಮಳೆಗಾಲ ಮುಗಿದ ಮೇಲೆ ಅವಳಿಗೆ ಸೀಟು ಸಿಕ್ಕಿತು. ತಂದೆಯೇ ಟ್ರಂಕು ಹೊತ್ತು ಹಾಸ್ಟೆಲಿಗೆ ಬಿಟ್ಟು ಬಂದರು. ಅಂದೇ ಆ ಫೋಟೊ ತೆಗೆದುಹಾಕಿದೆ. ನನ್ನ ಜೊತೆ ಅವರು ಈಗಲೂ ಮೊದಲಿನಂತೆ ಮಾತಾಡುವುದಿಲ್ಲ. ಎದುರಾದರೆ ಕೈ ಎತ್ತುತ್ತಾರೆ, ನಿಲ್ಲುವುದಿಲ್ಲ.

ಈ ವರ್ಷ ಜನವರಿಯಲ್ಲಿ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು. ಹೆಸರಿರಲಿಲ್ಲ. "ಸರ್, ಇವತ್ತು ನನಗೆ ಹದಿನೇಳು ತುಂಬಿತು. ನಿಮಗೊಬ್ಬರಿಗೇ ಹೇಳ್ತಿದೀನಿ" ಎಂದಿತ್ತು. ಎರಡು ಸಲ ಓದಿದೆ. ಶುಭಾಶಯ ಎಂದು ಬರೆಯಲು ಹೋಗಿ ಕೈ ಬರಲಿಲ್ಲ. ಅದು ಯಾರ ಕಣ್ಣಿಗಾದರೂ ಬಿದ್ದೀತೆಂದು, ಉತ್ತರ ಕೊಡದೆ, ಅಳಿಸಿಹಾಕಿದೆ.