ಅಸಲಿ ಪಾದರಸದ ಲಿಂಗ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಆಲ್ದೂರಿನ ಅಕ್ಕನ ಮನೆಗೆ ಕಾಲಿಟ್ಟಾಗ ಅವಳ ಬಸುರಿ ಸೊಸೆ ಹಾಲಿನ ಲೋಟ ಬಾಯಿಗೆ ಹಿಡಿದಿದ್ದಳು. ಪಕ್ಕದ ಬಟ್ಟಲಿನಲ್ಲಿ ಬೆಳ್ಳಿಯಂತೆ ಹೊಳೆಯುವ ಪುಟ್ಟ ಲಿಂಗ.

"ಪಾದರಸದ್ದು ಮಾರಾಯ. ಒಬ್ಬ ಮನೆ ಬಾಗಿಲಿಗೇ ಮಾರ್ಕೊಂಡು ಬಂದಿದ್ದ. ರಾತ್ರಿ ಹಾಲಲ್ಲಿ ನೆನೆಸಿಟ್ಟು ಬೆಳಿಗ್ಗೆ ಆ ಹಾಲು ಕುಡಿದ್ರೆ ಮಗು ಗಟ್ಟಿಮುಟ್ಟಾಗಿ ಹುಟ್ತದಂತೆ" ಎಂದಳು ಅಕ್ಕ.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಅನುಮಾನಪಡುವುದರಲ್ಲಿ ನನ್ನನ್ನು ಮೀರಿಸುವವರು ಮೂಡಿಗೆರೆ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಲೋಟ ಕಿತ್ತುಕೊಂಡೆ.

"ಪಾದರಸ ಅಂದ್ರೆ ವಿಷ ಅಕ್ಕಾ! ಹೊಟ್ಟೇಲಿರೋ ಮಗುವಿನ ಮೆದುಳಿಗೇ ಹೊಡೆತ. ಪೂಜೆ ಮಾಡು, ಕುಡಿಸ್ಬೇಡ."

ಭಾವನಿಗೆ ಬೇರೆಯೇ ಅನುಮಾನ. "ಎಂಥ ಪಾದರಸವೂ ಇಲ್ಲ, ಅದು ಡೂಪ್ಲಿಕೇಟು."

ಅಕ್ಕನಿಗೆ ರೋಷ ಬಂತು. ಮಾರಿದವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ದೇವರಾಣೆಗೂ ಅಸಲಿ ಅಮ್ಮಾ" ಎಂದ ಅವನು.

ನಾನು ಬಾಯಿ ಹಾಕಿದೆ. "ಹಾಗಾದ್ರೆ ಬನ್ನಿ ಸ್ವಾಮಿ, ಈ ಲೋಟ ನೀವೇ ಕುಡೀರಿ."

"ನಂಗೆ ಹಾಲು ಆಗಿಬರಲ್ಲ ಸಾರ್" ಎಂದವನೇ ಫೋನ್ ಇಟ್ಟ.

ಅಕ್ಕನ ಮುಖ ಬಿಳಿಚಿಕೊಂಡಿತು. "ನಿನ್ನೆಯೂ ಒಂದು ಲೋಟ ಕುಡಿಸಿದ್ದೀನಲ್ಲೋ..."

ಸೊಸೆಯನ್ನು ಜೀಪಿಗೆ ಹತ್ತಿಸಿಕೊಂಡು ಡಾಕ್ಟರ ಬಳಿಗೆ ಹೊರಟೆವು. ರಕ್ತ ಪರೀಕ್ಷೆಗೆ ಕೊಟ್ಟಿದ್ದೇವೆ, ವರದಿ ಇನ್ನೂ ಬರಬೇಕು. ದಾರಿಯುದ್ದಕ್ಕೂ ಅಕ್ಕನದು ಒಂದೇ ಜಪ: "ಶಿವನೇ, ಅದು ಡೂಪ್ಲಿಕೇಟೇ ಆಗಿರ್ಲಪ್ಪಾ!"

ತಾನು ಮೋಸ ಹೋಗಿರಲಿ ಎಂದು ದೇವರಿಗೆ ಮೊರೆಯಿಟ್ಟವಳು ಈ ಜಿಲ್ಲೆಯಲ್ಲಿ ನಮ್ಮಕ್ಕ ಒಬ್ಬಳೇ ಇರಬೇಕು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೇನೆ.