ಅಟ್ಟದ ಸದ್ದು ಕೇಳಿದ ಮೇಷ್ಟ್ರು

ನಮ್ಮ ತಿಪಟೂರಿನ ಕಡೆ ಜನ ಕಾಯಿಯ ಕೆಳಗೆ ಮಲಗುತ್ತಾರೆ. ಕೊಯ್ದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡುತ್ತದೆ. ಆಮೇಲೆ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಅಲ್ಲಾಡಿಸದಿದ್ದರೆ ಸದ್ದಿಲ್ಲ. ಈ ಕೊನೆಯ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಬಿ.ಎ. ಓದುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ಪಿಟೀಲು ಪಾಠ. ನಮ್ಮ ಮೇಷ್ಟ್ರು ಅಂಥದೊಂದು ಅಟ್ಟದ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಹನ್ನೆರಡನೇ ವಯಸ್ಸಿಗೇ ನೊಣವಿನಕೆರೆಯಲ್ಲಿ ತಂದೆಯ ಪಕ್ಕ ಕೂತು ನುಡಿಸಿದವರು. ಆಮೇಲೆ ಮೂವತ್ತು ವರ್ಷ ಪಕ್ಕವಾದ್ಯ. ರಾಮನವಮಿ ಬಂತೆಂದರೆ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಂದ ಬಸ್ಸಿಗೆ ಅಲೆದಾಟ. ಕರಪತ್ರದಲ್ಲಿ ಹಾಡುವವರ ಹೆಸರು ದಪ್ಪಗೆ, ಇವರದು ಕೆಳಗೆ ಸಣ್ಣಕ್ಷರದಲ್ಲಿ. ಆ ವರ್ಷ ಮೊದಲ ಸಲ ಮೈಸೂರಿನ ಒಂದು ಸಂಗೀತ ಸಭೆಯವರು ಇವರೊಬ್ಬರದೇ ಕಚೇರಿ ಇಟ್ಟುಕೊಂಡಿದ್ದರು. ಹದಿನೈದು ದಿನ ಉಳಿದಿತ್ತು.

ಮನೆಯೊಡತಿ ಆ ವಾರ, ಹಳೆಯ ಕಾಯಿ ಇಳಿಸಲು ಆಳು ಸಿಗಲಿಲ್ಲವೆಂದು, ಹೊಸ ಕಾಯಿಯನ್ನು ಅದರ ಮೇಲೇ ಸುರಿಸಿದ್ದರು. ಹೊಸ ಕಾಯಿಯಲ್ಲಿ ನೀರಿರುತ್ತದೆ, ಭಾರ.

ಮಧ್ಯಾಹ್ನ ಮೂರು ಗಂಟೆ ಇರಬೇಕು. ತೋಡಿ ರಾಗ ನುಡಿಸುತ್ತಿದ್ದ ಮೇಷ್ಟ್ರು ಕಮಾನು ಎತ್ತಿಬಿಟ್ಟರು. ಪಿಟೀಲನ್ನು ಚಾಪೆಯ ಮೇಲಿಟ್ಟು ಮೇಲೆ ನೋಡಿದರು.

"ಕೇಳುಸ್ತಾ?"

ನನಗೇನೂ ಕೇಳಿಸಲಿಲ್ಲ. ಅಡುಗೆಮನೆಯಿಂದ ಒಡತಿಯೇ ಉತ್ತರ ಕೊಟ್ಟರು: "ಇಲಿ ಕಣ್ರೀ ಮೇಷ್ಟ್ರೇ. ದಿನಾ ನಿಮ್ ಪಿಟೀಲು ಕೇಳಿ ಅವಕ್ಕೂ ರುಚಿ ಹತ್ತೈತೆ. ಟಿಕೀಟ್ ಇಟ್ಬುಡಿ."

"ಇಲಿ ಒಂದ್ ಕಡೆ ಓಡುತ್ತೆ ತಾಯಿ. ಇದು ಕೋಣೆ ಅಗಲಕ್ಕೂ ಗುಡುಗುಡು ಅಂತಿದೆ. ಹಳೇ ಕಾಯಿ ತಾನಾಗೇ ಯಾಕ್ ಅಲ್ಲಾಡ್ಬೇಕು?"

ಅವರ ಮುಖ ಬಿಳಚಿಕೊಂಡಿತ್ತು. "ಎದ್ದೇಳಮ್ಮ. ಹೊರಗ್ ನಡಿ. ಓಡು," ಎಂದು ನನ್ನನ್ನು ತಳ್ಳಿ, ಒಳಗೆ ಹೋಗಿ ಒಡತಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದರು.

ಮೂವರೂ ಅಂಗಳದಲ್ಲಿ ನಿಂತೆವು. ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಎಷ್ಟು ಹೊತ್ತು ನಿಂತಿದ್ದೆವೋ ನನಗೆ ಈಗಲೂ ತಿಳಿಯದು. ಒಂದು ನಿಮಿಷವೂ ಇರಬಹುದು, ಐದೂ ಇರಬಹುದು. ಒಡತಿ ಸೆರಗು ಸರಿಮಾಡಿಕೊಂಡು, "ಒಲೆ ಮೇಲೆ ಸಾರಿಟ್ಟಿವ್ನಿ. ಉಕ್ಕೋದ್ರೆ ನೀವೇ ಮಾಡ್ಕೊಡ್ಬೇಕು, ನೋಡ್ಕಳಿ," ಎಂದು ನಕ್ಕರು. ನಾನೂ ನಕ್ಕೆ. ಆಗ ಮೇಷ್ಟ್ರ ಬರಿಗೈ ಕಂಡಿತು.

"ಮೇಷ್ಟ್ರೇ, ಪಿಟೀಲು!" ಎಂದು ಕೂಗಿದೆ.

ಅವರು ಬಾಗಿಲ ಕಡೆ ನೋಡಿದರು. ಹೋದರು.

ಮೊದಲು ತೊಲೆ ಮುರಿದ ಒಂದೇ ಒಂದು ಸದ್ದು. ಆಮೇಲೆ ಕಾಯಿ ಸುರಿಯಿತು. ಸುರಿಯುತ್ತಲೇ ಇತ್ತು. ಧೂಳಿನೊಳಗಿಂದ ಕಾಯಿಗಳು ಹೊಸಿಲು ದಾಟಿ ಉರುಳಿ ಬಂದು ನನ್ನ ಪಾದಕ್ಕೆ ತಾಗಿ ನಿಂತವು. ಒಡತಿ "ಅಯ್ಯೋ ಯಾರಾದ್ರೂ ಬನ್ರಪ್ಪೋ" ಎಂದು ಬೀದಿಗೆ ಓಡಿದರು. ನಾನು ಕಾಯಿ ಎಳೆದೆಸೆಯತೊಡಗಿದೆ. ಒಂದು ಎಳೆದರೆ ಆ ಜಾಗಕ್ಕೆ ಎರಡು ಉರುಳುತ್ತಿದ್ದವು. ಒಳಗಿಂದ ದನಿಯೇ ಇಲ್ಲ. ಸತ್ತಿದ್ದಾರೆ ಎಂದುಕೊಂಡೆ, ಕೈ ಮಾತ್ರ ಎಳೆಯುತ್ತಲೇ ಇತ್ತು.

ಪಕ್ಕದ ಮಂಡಿಯ ಹಮಾಲರು ಬಂದು ತೆಗೆದರು. ಬಾಗಿಲ ಚೌಕಟ್ಟು ಮುರಿದಿರಲಿಲ್ಲವಾದ್ದರಿಂದ ತಲೆ, ಎದೆ ಉಳಿದಿದ್ದವು. ಬಲಗೈ ಪಿಟೀಲನ್ನು ಹೊಟ್ಟೆಗೆ ಅವುಚಿಕೊಂಡಿತ್ತು. ಚೌಕಟ್ಟು ಹಿಡಿಯಲು ಚಾಚಿದ್ದ ಎಡಗೈಯ ಮೇಲೆ ತೊಲೆ ಬಿದ್ದಿತ್ತು.

ಕೊಬ್ಬರಿ ಚೀಲ ತುಂಬಿದ್ದ ಟೆಂಪೋದಲ್ಲಿ ಆಸ್ಪತ್ರೆಗೆ ಹೋದೆವು. ಆ ಕೈಯನ್ನು ನನ್ನ ದುಪಟ್ಟಾದಲ್ಲಿ ಸುತ್ತಿ ಹಿಡಿದಿದ್ದೆ. ಬಟ್ಟೆಯೊಳಗೆ ಬೆರಳು ಎಷ್ಟಿವೆ ಎಂದು ಮುಟ್ಟಿ ನೋಡುವ ಧೈರ್ಯವಾಗಲಿಲ್ಲ. ಕಿಬ್ಬನಹಳ್ಳಿ ಕಡೆಯಿಂದ ಬಂದ ಲಾರಿಯೊಂದು ಎದುರು ಸಿಕ್ಕಿ ಟೆಂಪೋ ಗಕ್ಕನೆ ನಿಂತಾಗ ಅವರು ಕಣ್ಣು ಬಿಟ್ಟರು.

"ತಂತಿ ಹರಿದಿದ್ಯಾ ನೋಡಮ್ಮ."

"ಇಲ್ಲ ಮೇಷ್ಟ್ರೇ," ಎಂದೆ. ನಾನು ನೋಡಿರಲಿಲ್ಲ.

ಎಡಗೈಯ ತೋರುಬೆರಳು, ನಡುಬೆರಳು ಉಳಿದವು, ಆದರೆ ಮಡಚಲು ಬರುತ್ತಿರಲಿಲ್ಲ. ಮೈಸೂರಿನ ಕಚೇರಿ ಇನ್ನೊಬ್ಬರಿಗೆ ಹೋಯಿತು. ಮೇಷ್ಟ್ರು ಬೇರೆ ಕಡೆ, ಅಟ್ಟವಿಲ್ಲದ ಆರ್‌ಸಿಸಿ ಮನೆಗೆ ಬಂದು, ಬಾಯಲ್ಲಿ ಹಾಡಿ ನಮಗೆ ಪಾಠ ಹೇಳತೊಡಗಿದರು. ಅವರ ಪಿಟೀಲನ್ನು ನಾನೇ ನುಡಿಸಬೇಕೆಂದು ಹಟ ಹಿಡಿದರು. ಕೈಗೆ ತೆಗೆದುಕೊಂಡಾಗಲೆಲ್ಲ ನನಗೆ ಧೂಳಿನ ವಾಸನೆ ಬರುತ್ತಿತ್ತು.

ಮೇಷ್ಟ್ರನ್ನು ಆ ಒಂದು ಮಾತು ಕೇಳಲು ನನಗೆ ಏಳೆಂಟು ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ನಾನು ಉಪನ್ಯಾಸಕಿಯಾಗಿದ್ದೆ. ಒಂದು ಭಾನುವಾರ ಬೆಳಿಗ್ಗೆ, ಅವರು ಕಾಫಿ ಲೋಟ ಇಡುವುದನ್ನೇ ಕಾದು, "ಅವತ್ತು ನಾನು ಕೂಗಿದ್ದಕ್ಕೇ ಅಲ್ವಾ ಮೇಷ್ಟ್ರೇ, ನೀವು ಒಳಗೆ ಹೋಗಿದ್ದು?" ಎಂದೆ.

"ನೀನ್ ಯಾವಾಗ್ ಕೂಗ್ದೆ?" ಎಂದರು. "ನಂಗೇನೂ ಕೇಳುಸ್ಲಿಲ್ವಲ್ಲಮ್ಮ." ಲೋಟ ತೆಗೆದುಕೊಂಡು ಒಳಗೆ ಹೋದರು.

ನಾನು ಪಿಟೀಲು ಎತ್ತಿಕೊಂಡು ಕಮಾನು ಸುಮ್ಮನೆ ತಾಗಿಸಿದೆ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಿತ್ತು, ಪಾತ್ರೆ ಸದ್ದಾಗುತ್ತಿತ್ತು. ಅದರ ನಡುವಿನಿಂದಲೇ ಮೇಷ್ಟ್ರು, "ಎರಡನೇ ತಂತಿ ಶ್ರುತಿ ಒಂದೆಳೆ ಇಳಿದಿದೆ ನೋಡು," ಎಂದರು.